ವೈಮಾನಿಕ ತಂತುಮೀಮಾಂಸೆ

ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರ ವರೆಗೆ ಬಾಯಿಂದ ನುಡಿದು ಬರೆಯಿಸಿದ್ದೂ, 1973ರಲ್ಲಿ ಮೈಸೂರಿನ ಜಿ. ಆರ್. ಜೋಸ್ಯರರು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದ್ದೂ ಆದ ‘ವೈಮಾನಿಕ ಶಾಸ್ತ್ರ’ವೆಂಬ ಗ್ರಂಥದಲ್ಲಿ ಶಕುನ, ಸುಂದರ, ರುಕ್ಮ, ತ್ರಿಪುರಗಳೆಂಬ ನಾಲ್ಕು ಬಗೆಯ ವಿಮಾನಗಳ ರಚನೆಯೂ, ಲೋಹಗಳ ಪಾಕಕ್ರಮವೂ, ನಾನಾ ದರ್ಪಣಗಳ ಪ್ರಯೋಜನವೂ, ಚಾಲಕನು ಉಡತಕ್ಕ ವಸ್ತ್ರವೂ ಉಣ್ಣತಕ್ಕ ಆಹಾರವೂ ಸವಿಸ್ತಾರವಾಗಿ ನಿರೂಪಿತವಾಗಿದ್ದರೂ, ರೇಡಿಯೋ ಪೆಟ್ಟಿಗೆಯಿಂದ ಆಂಟೆನಾದ ವರೆಗೆ ಯಾವ ಕೇಬಲ್ ಎಳೆಯಬೇಕೆಂಬ ವಿಷಯದಲ್ಲಿ ಮಾತ್ರ ಒಂದಕ್ಷರವೂ ಇಲ್ಲದಿರುವುದು ವಿದ್ವಲ್ಲೋಕದ ಗಮನಕ್ಕೆ ಇದುವರೆಗೆ ಬಾರದೆ ಹೋದದ್ದು ಪರಮಾಶ್ಚರ್ಯಕರವಾಗಿದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದರೇ ಮೊದಲಾದ ಐವರು ವಿದ್ವಾಂಸರು ಈ ಗ್ರಂಥವನ್ನು ಪರಾಮರ್ಶಿಸಿ, ಇದು 1904ಕ್ಕಿಂತ ಹಿಂದಿನದಲ್ಲವೆಂದೂ ಇದರಲ್ಲಿ ಹೇಳಿದ ವಿಮಾನಗಳು ಹಾರತಕ್ಕವಲ್ಲವೆಂದೂ ತೀರ್ಮಾನಿಸಿದರೇ ಹೊರತು, ಕೇಬಲ್ಲಿನ ಪ್ರಶ್ನೆಯನ್ನು ಅವರೂ ಎತ್ತಲಿಲ್ಲ. ಹಾರದ ವಿಮಾನಕ್ಕೆ ಸಂಭಾಷಣೆಯ ಅಗತ್ಯವಿಲ್ಲವೆಂದು ಅವರು ಭಾವಿಸಿದ್ದಿರಬಹುದು. ಆದರೆ ನೆಲದ ಮೇಲೆ ನಿಂತಿರುವ ವಿಮಾನದಿಂದಲೇ ಮನುಷ್ಯನು ಅತ್ಯಧಿಕವಾಗಿ ಮಾತಾಡುತ್ತಾನೆಂಬುದು ಅನುಭವಸಿದ್ಧವಾದುದರಿಂದ, ಆ ಭಾವನೆಯು ವಿಚಾರಕ್ಕೆ ನಿಲ್ಲುವಂಥದಲ್ಲ.

ಈ ಕೊರತೆಯನ್ನು ತುಂಬುವ ಸಲುವಾಗಿ ಮೀಮಾಂಸಕರ ಪದ್ಧತಿಯಂತೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತಗಳೆಂಬ ಕ್ರಮವನ್ನು ಹಿಡಿದು ಇಲ್ಲಿ ವಿಚಾರ ಮಾಡಲಾಗುತ್ತದೆ. ಉದಾಹರಣೆಗಾಗಿ, ನಮ್ಮ ತರ್ಕಶಾಸ್ತ್ರಗಳಲ್ಲಿ ಎಲ್ಲ ಕಷ್ಟಗಳಿಗೂ ಗುರಿಯಾಗಿ ಬಂದಿರುವ ದೇವದತ್ತನನ್ನೇ ಕರೆದುಕೊಳ್ಳೋಣ. ಅವನು ಸದ್ಯ ಖಾನಾಪುರದಲ್ಲಿ, ಬೆಂಕಿ ಆರಿದ ಒಂದು ಹಂಚಿನ ಕಾರ್ಖಾನೆಯ ಛಾವಣಿಯ ಕೆಳಗೆ, ಇಬ್ಬರು ಕೂಡತಕ್ಕ ವಿಮಾನವೊಂದನ್ನು ಸ್ವಹಸ್ತದಿಂದ ಕಟ್ಟುತ್ತಿದ್ದಾನೆಂದು ಭಾವಿಸತಕ್ಕದ್ದು. ಇದು ಅಸಂಭಾವ್ಯವೆನ್ನುವವರು, ಬೆಂಗಳೂರಿನ ಎನ್‌ಎಎಲ್ ಸಂಸ್ಥೆಯವರು 1980ರ ದಶಕದಲ್ಲಿ ಕಟ್ಟಿದ ಎಲ್‌ಸಿಆರ್‌ಎ ಎಂಬ ಚಿಕ್ಕ ವಿಮಾನಕ್ಕೆ ಮೂಲವಾದದ್ದು ಅಮೆರಿಕದ ಬರ್ಟ್ ರುಟಾನನು ಮನೆಯಲ್ಲಿ ಕಟ್ಟುವವರಿಗೆಂದೇ ರಚಿಸಿದ ಲಾಂಗ್-ಈಜೀ ಎಂಬ ಮಾದರಿಯೆಂಬುದನ್ನೂ, ಮುಂಬಯಿಯ ಅಮೋಲ್ ಯಾದವರು ತಮ್ಮ ಮನೆಯ ಮಹಡಿಯ ಮೇಲೆಯೇ ವಿಮಾನ ಕಟ್ಟಿ 2016ರಲ್ಲಿ ಪ್ರದರ್ಶನಕ್ಕೆ ಇಟ್ಟರೆಂಬುದನ್ನೂ ಮನಗಾಣಲಿ. ಮಹಡಿಗಿಂತ ಹಂಚಿನ ಕಾರ್ಖಾನೆ ಎಷ್ಟೋ ಮೇಲು. ವಿಮಾನವನ್ನು ಕೆಳಗಿಳಿಸುವ ತೊಡಕಾದರೂ ಇಲ್ಲ.

ವಿಷಯವೇನೆಂದರೆ, ದೇವದತ್ತನು ಒಂದಿಲ್ಲೊಂದು ದಿನ ಬೆಳಗಾವಿಯ ಸಾಂಬ್ರಾದ ವಿಮಾನ ನಿಲ್ದಾಣದವರೊಡನೆ ಮಾತಾಡಲೇಬೇಕು. 1942ರಲ್ಲಿ ಬ್ರಿಟಿಷ್ ವಾಯುಪಡೆಯವರು ಯುದ್ಧಕಾಲದಲ್ಲಿ ಹಾಕಿದ ಆ ಓಡುದಾರಿಯ ಪಕ್ಕದಲ್ಲಿ ಇಂದಿಗೂ ವಾಯುಪಡೆಯ ಠಾಣ್ಯವಿರುವುದರಿಂದ, ಅಲ್ಲಿಗೆ ಹೇಳದೆ ಕೇಳದೆ ಹಾರಿ ಹೋಗುವುದು ಬೀಗರ ಮನೆಗೆ ಹೋದಂತಲ್ಲ. ಮಾತಾಡುವುದು 118ರಿಂದ 137 ಮೆಗಾಹರ್ಟ್ಸ್ ವರೆಗಿನ ಅಲೆಗಳ ಮೇಲೆ. ಈ ಅಲೆಯ ಉದ್ದ ಸುಮಾರು 2.4 ಮೀಟರು, ಆದಕಾರಣ ಅದರ ಕಾಲುಭಾಗವಾದ ಸುಮಾರು 60 ಸೆಂಟಿಮೀಟರಿನ ಒಂದು ಕಡ್ಡಿ ಆಂಟೆನಾ ಆಗುತ್ತದೆ. ರೇಡಿಯೋ ಇರುವುದು ಚಾಲಕನ ಮುಂದೆ, ಕಡ್ಡಿ ಇರುವುದು ಬೆನ್ನಿನ ಮೇಲೆ ಅಥವಾ ಹೊಟ್ಟೆಯ ಕೆಳಗೆ, ನಡುವೆ ನಾಲ್ಕು ಮೀಟರು. ಆ ನಾಲ್ಕು ಮೀಟರಿನಲ್ಲಿ ಏನಿರಬೇಕು ಎಂಬುದೇ ಸಂಶಯ.

ಪೂರ್ವಪಕ್ಷವು ಬೆಳಗಾವಿಯ ಗಣಪತ ಗಲ್ಲಿಯ ಒಂದು ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಹುಟ್ಟುತ್ತದೆ. ದೇವದತ್ತನು ಖಾನಾಪುರದಿಂದ ಬಸ್ಸು ಹತ್ತಿ ಬಂದು, ಗಿರಾಕಿಗಳ ನಡುವೆ ನುಸುಳಿ, “ಸಾವಕಾರ್ರ, ಐವತ್ತ ಓಮಿನ ಕೇಬಲ್ ಐತೇನ್ರೀ?” ಎಂದು ಕೇಳಲಾಗಿ, ಅಂಗಡಿಯವರು ಡಿಶ್ ಆಂಟೆನಾಕ್ಕೆ ಹಾಕುವ ಆರ್‌ಜಿ-6 ಕೇಬಲ್ಲಿನ ಸುರುಳಿಯೊಂದನ್ನು ಗಲ್ಲೆಯ ಮೇಲೆ ಧೊಪ್ಪನೆ ಇಟ್ಟು, “ಕೇಬಲ್ ಅಂದ್ರ ಕೇಬಲ್ರೀ. ಅದರಾಗೇನ್ ಜಾತಿ ನೋಡ್ತೀರಿ? ಇದs ಇಡೀ ಗಲ್ಲಿಗೆ ಟಿವಿ ತೋರಸಾಕತ್ತೈತಿ, ನಿಮ್ಮ ಒಂದ ವಿಮಾನಕ್ಕ ಸಾಲಂಗಿಲ್ಲೇನ್ರೀ?” ಎನ್ನುತ್ತಾರೆ.

ಶಾಸ್ತ್ರಜ್ಞರು ಇಂಥ ವಾದವನ್ನು ಕೇಳಿದೊಡನೆ ನಕ್ಕುಬಿಡುವ ರೂಢಿಯುಂಟು. ಆದರೆ ಲೆಕ್ಕ ಹಾಕಿ ನೋಡಿದರೆ ನಗು ಅರ್ಧಕ್ಕೇ ನಿಲ್ಲುತ್ತದೆ. ಆರ್‌ಜಿ-6ರ ಅವರೋಧ 75 ಓಮ್, ವಿಮಾನದ ರೇಡಿಯೋ ಬಯಸುವುದು 50 ಓಮ್. ಈ ವೈಷಮ್ಯದಿಂದ ಒಂದು ಕೂಡುಸ್ಥಳದಲ್ಲಿ ಹಿಂದಕ್ಕೆ ಪುಟಿಯುವ ಶಕ್ತಿಯು ನೂರಕ್ಕೆ ನಾಲ್ಕು ಪಾಲು ಮಾತ್ರ. ನಾಲ್ಕು ಪಾಲು ಹೋದರೆ ಹೋಗಲಿ, ತೊಂಬತ್ತಾರು ಪಾಲು ಉಳಿಯಿತಲ್ಲ ಎಂದು ಅಂಗಡಿಯವರು ಕೇಳಿದರೆ ಸಿದ್ಧಾಂತಿಯು ಗಂಟಲು ಸರಿಮಾಡಿಕೊಳ್ಳಬೇಕಾಗುತ್ತದೆ. ಆದುದರಿಂದ ಪೂರ್ವಪಕ್ಷವನ್ನು ಖಂಡಿಸುವ ಯುಕ್ತಿಯು ಓಮಿನಲ್ಲಿಲ್ಲ, ಬೇರೆಡೆಯಲ್ಲಿದೆ: ಟಿವಿ ಕೇಬಲ್ಲಿನ ನಡುತಂತಿ ಬಹುಮಟ್ಟಿಗೆ ತಾಮ್ರ ಬಳಿದ ಒಂಟಿ ಉಕ್ಕಿನ ಎಳೆ, ಹೊರಹೆಣಿಗೆ ಅಲ್ಯುಮಿನಿಯಮ್. ಅಲ್ಯುಮಿನಿಯಮ್ಮಿಗೆ ಬೆಸುಗೆ ಹತ್ತದು, ಒಂಟಿ ಎಳೆಯು ಇಂಜಿನ್ನಿನ ನಡುಕವನ್ನು ಬಹುಕಾಲ ತಾಳದು, ಅದರ ತುದಿಗೆ ತಿರುಪುವ ಕನೆಕ್ಟರು ವಿಮಾನದ ರೇಡಿಯೋಕ್ಕೆ ಕೂಡದು. ಟಿವಿಯು ಗೋಡೆಯ ಮೇಲೆ ಅಲುಗಾಡದೆ ಇರುತ್ತದೆ. ವಿಮಾನವು ಅಲುಗಾಡುವುದನ್ನೇ ವೃತ್ತಿಯಾಗಿ ಇಟ್ಟುಕೊಂಡಿದೆ.

ಈ ಪೂರ್ವಪಕ್ಷವು ಹೀಗೆ ಸೋತಿತಾದರೂ, ಸಿದ್ಧಾಂತಿಗಳಲ್ಲೇ ಎರಡು ಮತಗಳಿವೆ. ಹಳೆಯ ಮತದವರು ಆರ್‌ಜಿ-58 ಎಂಬ ಕೇಬಲ್ಲನ್ನೂ ಹೊಸ ಮತದವರು ಆರ್‌ಜಿ-400 ಎಂಬ ಕೇಬಲ್ಲನ್ನೂ ಹಿಡಿದು, ಒಬ್ಬರ ಮುಖವನ್ನೊಬ್ಬರು ನೋಡದ ಸ್ಥಿತಿಗೆ ಬಂದಿದ್ದಾರೆ. ಹೊಸ ಮತದವರ ಮುಖ್ಯ ಪ್ರಮಾಣವು ಪಂಚಕೋಶ ವಿಚಾರ. ಉಪನಿಷತ್ತು ಹೇಳುವ ಐದು ಕೋಶಗಳು ಆರ್‌ಜಿ-400ರಲ್ಲಿ ಪ್ರತ್ಯಕ್ಷವಾಗಿ ಕಾಣುತ್ತವೆಯಷ್ಟೆ: ಎಲ್ಲಕ್ಕೂ ಹೊರಗಿನ ಎಫ್‌ಇಪಿ ಹೊದಿಕೆಯು ಅನ್ನಮಯ ಕೋಶ; ಅದರೊಳಗೆ ಬೆಳ್ಳಿ ಲೇಪಿಸಿದ ತಾಮ್ರದ ಮೊದಲ ಹೆಣಿಗೆಯು ಪ್ರಾಣಮಯ; ಅದರೊಳಗಿನ ಎರಡನೆಯ ಹೆಣಿಗೆಯು ಮನೋಮಯ; ಬಳಿಕ ಬೆಳ್ಳಗೆ ನುಣುಪಾದ ಪಿಟಿಎಫ್‌ಇ ಅವಾಹಕವು ವಿಜ್ಞಾನಮಯ; ನಟ್ಟನಡುವೆ ಹತ್ತೊಂಬತ್ತು ಎಳೆಗಳ ಬೆಳ್ಳಿಲೇಪದ ತಂತಿಯು ಆನಂದಮಯ. ಆರ್‌ಜಿ-58ನ್ನು ಸುಲಿದರೆ ಹೊರಗೆ ಪಿವಿಸಿ, ಒಳಗೆ ತವರ ಬಳಿದ ಒಂದೇ ಹೆಣಿಗೆ, ಆಮೇಲೆ ಪಾಲಿಎಥಿಲೀನು, ನಡುವೆ ತಂತಿ. ಒಟ್ಟು ನಾಲ್ಕೇ ಕೋಶ. ಮನೋಮಯ ಕೋಶವಿಲ್ಲದ ಕೇಬಲ್ಲಿಗೆ ಮೋಕ್ಷವೆಲ್ಲಿಂದ ಬಂತು ಎಂದು ಹೊಸ ಮತದವರು ಕೇಳುತ್ತಾರೆ. ಇಲ್ಲಿ ನಕ್ಕು ಮುಂದೆ ಹೋಗತಕ್ಕದ್ದಲ್ಲ. ಎರಡನೆಯ ಹೆಣಿಗೆಯಿಂದ ಒಳಗಿನ ಸಂಕೇತವು ಹೊರಗೆ ಸೋರುವುದೂ ಹೊರಗಿನ ಕಿಡಿಗಳ ಗಲಾಟೆಯು ಒಳಗೆ ನುಗ್ಗುವುದೂ ಕಡಿಮೆಯಾಗುವುದು ನಿಜ. ಸ್ಪಾರ್ಕ್ ಪ್ಲಗ್ಗುಗಳ ತಂತಿಗಳ ಪಕ್ಕದಲ್ಲಿ ಕೇಬಲ್ ಹಾಯುವ ಚಿಕ್ಕ ವಿಮಾನದಲ್ಲಿ ಇದು ಅಲ್ಪ ಲಾಭವಲ್ಲ.

ಆದರೆ ಹೊಸ ಮತದವರು ಊರೆಲ್ಲ ಸಾರುವುದು ಇದನ್ನಲ್ಲ, ‘ನಷ್ಟ’ವೆಂಬುದನ್ನು. ಕೇಬಲ್ಲಿನಲ್ಲಿ ಶಕ್ತಿ ನಷ್ಟವಾಗುವ ಬಗೆಯನ್ನು ತಿಳಿಯಲು ಅರ್ಥಾಪತ್ತಿಯೆಂಬ ಪ್ರಮಾಣವೇ ಸಾಕು. ಮೈ ತುಂಬಿದ ದೇವದತ್ತನು ಹಗಲು ಉಣ್ಣುವುದಿಲ್ಲವಾದರೆ ರಾತ್ರಿ ಉಣ್ಣುತ್ತಾನೆಂದು ಕಲ್ಪಿಸಲೇಬೇಕು ಎಂಬುದು ಪೂರ್ವಿಕರ ಉದಾಹರಣೆ. ಹಾಗೆಯೇ ರೇಡಿಯೋ 10 ವಾಟ್ ಬಡಿಸಿ, ಆಂಟೆನಾಕ್ಕೆ 8.5 ವಾಟ್ ಮಾತ್ರ ಮುಟ್ಟಿದರೆ, ನಡುವೆ ಕೂತ ಕೇಬಲ್ಲು ಒಂದೂವರೆ ವಾಟನ್ನು ಉಂಡಿತೆಂದು ಊಹಿಸತಕ್ಕದ್ದು. ನಾಲ್ಕು ಮೀಟರು ಆರ್‌ಜಿ-58 ಮಾತಿನ ಅಲೆಗಳ ಮೇಲೆ ಉಣ್ಣುವುದು ಸುಮಾರು ಇಷ್ಟೇ. ಹಲವು ಪಟ್ಟು ಬೆಲೆ ತೆತ್ತು ತಂದ ಆರ್‌ಜಿ-400 ಹಾಕಿದರೆ ಮುಟ್ಟುವುದು ಸುಮಾರು 8.7 ವಾಟ್. ಈ ಕಾಲು ವಾಟೂ ತುಂಬದ ವ್ಯತ್ಯಾಸಕ್ಕಾಗಿ ಮಿತ್ರತ್ವವು ಮುರಿದದ್ದುಂಟು, ಮದುವೆಯ ಊಟದಲ್ಲಿ ಪಂಕ್ತಿ ಬದಲಾದದ್ದುಂಟು ಎಂದರೆ ಕೇಳಿದವರು ನಂಬುವುದಿಲ್ಲ.

ಇಷ್ಟರ ಮೇಲೆ ಖಾನಾಪುರದಿಂದ ಸಾಂಬ್ರಾಕ್ಕೆ 40 ಕಿಲೋಮೀಟರಿಗೆ ಮೀರದು. ಈ ಅಲೆಗಳು ನೇರವಾಗಿ ಕಾಣುವಷ್ಟು ದೂರ ಹೋಗುವ ಸ್ವಭಾವದವು; ನೆಲದಿಂದ 300 ಮೀಟರು ಮೇಲೆದ್ದವನಿಗೆ ಸುಮಾರು 70 ಕಿಲೋಮೀಟರಿನ ಬಯಲು ಒದಗುತ್ತದೆ. ದೇವದತ್ತನು ಮೇಲಿದ್ದರೆ ಅರ್ಧ ಶಕ್ತಿ ಕಳೆದುಹೋದರೂ ಸಾಂಬ್ರಾದವರಿಗೆ ಕೇಳಿಸೀತು. ಅವನು ಜಾಂಬೋಟಿಯ ಕಡೆಯ ಗುಡ್ಡದ ಮರೆಗೆ ತಗ್ಗಿನಲ್ಲಿ ಹೋದನೆಂದರೆ ಐದು ಕೋಶವಲ್ಲ, ಐವತ್ತು ಕೋಶದ ಕೇಬಲ್ ಹಾಕಿದರೂ ಕೇಳಿಸದು.

ಹಾಗಾದರೆ ಹೊಸ ಮತವು ಬರಿಯ ಆಡಂಬರವೇ ಎಂದರೆ, ಅಲ್ಲ. ಎರಡು ಸ್ಥಳಗಳಲ್ಲಿ ಅದು ಗೆಲ್ಲುತ್ತದೆ. ಮೊದಲನೆಯದು ಟ್ರಾನ್ಸ್‌ಪಾಂಡರ್: ನೆಲದ ರಾಡಾರು 1030 ಮೆಗಾಹರ್ಟ್ಸಿನಲ್ಲಿ ಕೇಳಿದ್ದಕ್ಕೆ 1090ರಲ್ಲಿ ಉತ್ತರ ಕೊಡುವ ಆ ಪೆಟ್ಟಿಗೆಯ ಅಲೆಗಳ ಮೇಲೆ ಕೇಬಲ್ಲಿನ ಹಸಿವು ಹೆಚ್ಚುತ್ತದೆ. ನಾಲ್ಕು ಮೀಟರು ಆರ್‌ಜಿ-58 ಅಲ್ಲಿ ಹತ್ತಿರ ಹತ್ತಿರ ಅರ್ಧವನ್ನೇ ಮುಗಿಸುತ್ತದೆ. ಆರ್‌ಜಿ-400 ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚಿಗೆ ತೃಪ್ತವಾಗುತ್ತದೆ. ಉತ್ತಮವಾದದ್ದು ಆ ಆಂಟೆನಾವನ್ನು ಪೆಟ್ಟಿಗೆಯ ಹತ್ತಿರವೇ ಹೊಟ್ಟೆಯ ಕೆಳಗೆ ಇಟ್ಟು ಕೇಬಲ್ಲನ್ನು ಒಂದು ಮಾರಿಗೆ ಇಳಿಸುವುದು. ಇದನ್ನು ಹೇಳಿದರೆ ಎರಡು ಮತದವರೂ ಮುನಿಸಿಕೊಳ್ಳುತ್ತಾರೆ, ಏಕೆಂದರೆ ವಾದವೇ ಉಳಿಯುವುದಿಲ್ಲ. ಎರಡನೆಯದು ಬೆಂಕಿ. ಪಿವಿಸಿ ಸುಟ್ಟರೆ ಕ್ಲೋರಿನ್ನಿನ ಆಮ್ಲದ ಹೊಗೆ ಬರುತ್ತದೆ. ಪಾಲಿಎಥಿಲೀನು 80 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗಿ, ತಿರುವಿನಲ್ಲಿ ನಡುತಂತಿಯು ಅದನ್ನು ಸೀಳಿಕೊಂಡು ಹೆಣಿಗೆಯತ್ತ ಸರಿಯುತ್ತದೆ. 1938ರಲ್ಲಿ ರಾಯ್ ಪ್ಲಂಕೆಟ್ಟನೆಂಬ ರಸಾಯನಜ್ಞನಿಗೆ ಅಕಸ್ಮಾತ್ತಾಗಿ ದೊರೆತ ಪಿಟಿಎಫ್‌ಇ ಇರುವ ಆರ್‌ಜಿ-400 ಮಾತ್ರ 200 ಡಿಗ್ರಿಯ ವರೆಗೆ ಸ್ಥಿತಪ್ರಜ್ಞ. ಇಂಜಿನ್ನಿಗೂ ಚಾಲಕನ ಮೊಣಕಾಲಿಗೂ ನಡುವೆ ಒಂದು ತಗಡಷ್ಟೇ ಇರುವ ವಿಮಾನದಲ್ಲಿ ಹೆಚ್ಚಿನ ಬೆಲೆಗೆ ಇದೊಂದೇ ಸಮರ್ಥನೆ ಸಾಕು.

ಗಾಜಿನ ನಾರಿನ ವಿಮಾನವಾದರೆ ಮತ್ತೊಂದು ಅಧಿಕರಣವೇ ಬೇಕು. ಗಾಜಿನ ನಾರು ರೇಡಿಯೋ ಅಲೆಗೆ ಅಡ್ಡಬರುವುದಿಲ್ಲವಾದ್ದರಿಂದ, ಲಾಂಗ್-ಈಜೀ ಕಟ್ಟುವವರು ತಾಮ್ರದ ಪಟ್ಟಿಯನ್ನೇ ರೆಕ್ಕೆತುದಿಯ ಚರ್ಮದೊಳಗೆ ಅಂಟಿಸಿ ಆಂಟೆನಾವನ್ನು ಹೂತುಬಿಡುತ್ತಾರೆ, ಅದರ ಬುಡದಲ್ಲಿ ಕೇಬಲ್ಲಿಗೆ ಫೆರೈಟಿನ ಕರಿಮಣಿಗಳನ್ನು ಪೋಣಿಸುತ್ತಾರೆ. ಈ ಮಣಿಗಳನ್ನು ನೋಡಿ ದೇವದತ್ತನ ಸೋದರತ್ತೆಯವರು ದೃಷ್ಟಿ ತೆಗೆಯುವುದಕ್ಕಿರಬೇಕೆಂದು ಸಮಾಧಾನಪಟ್ಟದ್ದು ಸರಿಯೇ. ಹೆಣಿಗೆಯ ಹೊರಮೈಯಲ್ಲಿ ಹರಿದು ಬರುವ ಬೇಡದ ಪ್ರವಾಹವನ್ನು ಅವು ನಿಜವಾಗಿಯೂ ತಡೆಯುತ್ತವೆ.

ಇನ್ನು ಸಿದ್ಧಾಂತ. ಎರಡು ಮತಗಳ ಕೋಲಾಹಲದಲ್ಲಿ ಎಲ್ಲರೂ ಮರೆತದ್ದು ಕೇಬಲ್ಲಿನ ತುದಿಯನ್ನು. ನೀಲ್ ಮತ್ತು ಕಾನ್ಸೆಲ್ಮನ್ ಎಂಬ ದ್ವ್ಯಾರ್ಷೇಯ ಪ್ರವರದ ಬಿಎನ್‌ಸಿ ಕನೆಕ್ಟರನ್ನು ತುದಿಗೆ ಕೂಡಿಸುವಾಗ ಹೊದಿಕೆಯನ್ನು ಬ್ಲೇಡಿನಿಂದ ಸುತ್ತಲೂ ಗೀರಬೇಕು, ಹೆಣಿಗೆಯ ಒಂದೆಳೆಯೂ ಕತ್ತರಿಸಬಾರದು. ಅವಾಹಕವನ್ನು ಬಿಡಿಸಿ ನಡುತಂತಿಗೆ ಚಿಕ್ಕ ಪಿನ್ನನ್ನು ಒತ್ತಬೇಕು. ಹೆಣಿಗೆಯನ್ನು ಕೊಡೆಯಂತೆ ಬಿಚ್ಚಿ ಕನೆಕ್ಟರಿನ ಕೊರಳ ಮೇಲೆ ಹೊದಿಸಿ, ಅದರ ಮೇಲೆ ಲೋಹದ ಬಳೆಯನ್ನು ಸರಿಸಿ, ಷಟ್ಕೋನದ ಇಕ್ಕುಳದಿಂದ ಒಂದೇ ಸಲಕ್ಕೆ ಅಮುಕಬೇಕು. ಎರಡು ಹೆಣಿಗೆಯ ಕೇಬಲ್ಲಿಗೆ ಅದಕ್ಕೆಂದೇ ಮಾಡಿದ ಬಳೆ ಬೇಕು. ಕೂದಲಿನಷ್ಟು ಸಣ್ಣ ಒಂದೆಳೆ ತಪ್ಪಿ ಪಿನ್ನಿಗೆ ತಾಗಿತೋ, ಹತ್ತು ವಾಟಿನಲ್ಲಿ ಒಂದೂ ಸಾಂಬ್ರಾಕ್ಕೆ ಹೋಗದು. ಆಗ ಅದು ಆರ್‌ಜಿ-58ರ ಎಳೆಯೋ 400ರ ಎಳೆಯೋ ಎಂದು ವಿಮಾನ ಕೇಳುವುದಿಲ್ಲ. ಕೂಡಿಸಿದ ಮೇಲೆ ಮೀಟರಿಟ್ಟು ಪಿನ್ನಿಗೂ ಹೊರಕವಚಕ್ಕೂ ಸಂಬಂಧವಿಲ್ಲದ್ದನ್ನೂ, ಈ ತುದಿಯ ಪಿನ್ನಿಗೂ ಆ ತುದಿಯ ಪಿನ್ನಿಗೂ ಸಂಬಂಧವಿರುವುದನ್ನೂ ನೋಡತಕ್ಕದ್ದು.

ಖಾನಾಪುರದ ಮಳೆಯೂ ಇದೇ ತುದಿಯಿಂದ ಒಳಗೆ ಬರುತ್ತದೆ. ಮೃಗಶಿರದಲ್ಲಿ ಹಿಡಿದು ಸೆಪ್ಟೆಂಬರಿನ ವರೆಗೆ ಬಿಡದೆ ಸುರಿಯುವ ಆ ಮಳೆಯ ತೇವವನ್ನು ಹೆಣಿಗೆಯು ದೀಪದ ಬತ್ತಿ ಎಣ್ಣೆ ಹೀರುವಂತೆ ಹೀರಿ ಹೊದಿಕೆಯೊಳಗೆ ಅಡಿಗಟ್ಟಲೆ ಕೊಂಡೊಯ್ಯುತ್ತದೆ. ತವರದ ಹೆಣಿಗೆ ಕಪ್ಪಾಗುತ್ತದೆ, ಲೇಪ ಹರಿದಲ್ಲಿ ಬೆಳ್ಳಿಯ ಹೆಣಿಗೆ ಕೆಂಪಗೆ ತಿನ್ನಿಸಿಕೊಳ್ಳುತ್ತದೆ. ಇಲ್ಲಿ ಪಂಚಕೋಶವೂ ಚತುಷ್ಕೋಶವೂ ಸಮಾನ. ಆಂಟೆನಾದ ಬುಡದ ಕೂಡುಸ್ಥಳಕ್ಕೆ ತಾನೇ ಬೆಸೆದುಕೊಳ್ಳುವ ರಬ್ಬರಿನ ಪಟ್ಟಿಯನ್ನು ಬಿಗಿಯಾಗಿ ಸುತ್ತಿ, ಕೇಬಲ್ಲು ಅಲ್ಲಿಗೆ ಕೆಳಗಿನಿಂದ ಮೇಲಕ್ಕೆ ಬರುವಂತೆ ಒಂದು ಬಳಸು ಬಿಟ್ಟರೆ ನೀರು ಹಿಡಿದ ದಾರಿಯಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಕಡೆಯಲ್ಲಿ ಪ್ರಾಯಶ್ಚಿತ್ತ ಪ್ರಕರಣ. ಬಳೆಯನ್ನು ಕೇಬಲ್ಲಿಗೆ ಮೊದಲೇ ಪೋಣಿಸಿ, ಆಮೇಲೆ ಪಿನ್ನನ್ನು ಒತ್ತತಕ್ಕದ್ದು. ಎಲ್ಲವನ್ನೂ ಅಂದವಾಗಿ ಮುಗಿಸಿ ಬಳೆಯು ಮೇಜಿನ ಮೇಲೆಯೇ ಉಳಿದದ್ದನ್ನು ಕಂಡವನು ತುದಿಯನ್ನು ಕತ್ತರಿಸಿ ಮತ್ತೆ ಪ್ರಾರಂಭಿಸಬೇಕೇ ಹೊರತು ಬೇರೆ ಪರಿಹಾರವಿಲ್ಲ. ಇದಕ್ಕಾಗಿ ಪ್ರತಿ ತುದಿಯಲ್ಲೂ ಒಂದು ಗೇಣು ಕೇಬಲ್ಲನ್ನು ಹೆಚ್ಚಿಗೆ ಬಿಟ್ಟಿರಬೇಕೆಂದು ವಿಧಿ. ಗೇಣಿಗೆ ಹನ್ನೆರಡು ಅಂಗುಲ, ಒಂದು ಮರೆವಿಗೆ ಎರಡು ಅಂಗುಲ. ಆದಕಾರಣ ಒಂದು ತುದಿಗೆ ಆರು ಮರೆವುಗಳು ಶಾಸ್ತ್ರಸಮ್ಮತವಾಗಿರುತ್ತವೆ.