ಷಟ್ತಂತ್ರೀ ಸಾಧನ ಮೀಮಾಂಸೆ

ಉಪೋದ್ಘಾತ

ಶಾಸ್ತ್ರವೆಂದ ಮೇಲೆ ಅದಕ್ಕೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳು ಇರಲೇಬೇಕೆಂದೂ, ಇವುಗಳನ್ನು ಮೊದಲು ನಿರೂಪಿಸದೆ ಗ್ರಂಥಕ್ಕೆ ಕೈಯಿಕ್ಕುವವನ ಮಾತಿಗೆ ಬುದ್ಧಿವಂತರು ಕಿವಿಗೊಡತಕ್ಕದ್ದಲ್ಲವೆಂದೂ ನಮ್ಮ ಪ್ರಾಚೀನರು ವಿಧಿಸಿರುವರು. ಗಿಟಾರ್ ಎಂಬ ಆರು ತಂತಿಯ ವಾದ್ಯವನ್ನು ಕಲಿಸಹೊರಟ ಆಧುನಿಕ ಗ್ರಂಥಗಳಾದರೋ ಈ ಮರ್ಯಾದೆಯನ್ನು ಗಾಳಿಗೆ ತೂರಿ, ಮೊದಲನೆಯ ಪುಟದಲ್ಲಿಯೇ ಎಡಗೈಯ ತೋರುಬೆರಳನ್ನು ಇಂಥಲ್ಲಿ ಇಡತಕ್ಕದ್ದೆಂದು ಅಪ್ಪಣೆ ಕೊಡಿಸುತ್ತವೆ. ಇಡತಕ್ಕವನು ಯಾರು, ಏತಕ್ಕಾಗಿ ಇಡಬೇಕು, ಇಟ್ಟ ಬಳಿಕ ಹೊರಡುವ ಧ್ವನಿಗೆ ಪಕ್ಕದ ಮನೆಯವರ ಮುಂದೆ ಏನು ಸಮಾಧಾನ ಹೇಳಬೇಕು ಎಂಬ ಮೂಲಭೂತ ಪ್ರಶ್ನೆಗಳ ಗೊಡವೆಗೇ ಹೋಗುವುದಿಲ್ಲ. ಈ ಕೊರತೆಯನ್ನು ನೀಗಿಸುವ ಸದುದ್ದೇಶದಿಂದಲೂ, ಕಲಿಯುವವರಿಗೆ ಒಂದಿಷ್ಟು ಧೈರ್ಯ ಬರಲೆಂಬ ಆಶೆಯಿಂದಲೂ ಪ್ರಕೃತ ಮೀಮಾಂಸೆ ಪ್ರವೃತ್ತವಾಗಿದೆ.

ಅನುಬಂಧ ಪ್ರಕರಣ

ಮೊದಲನೆಯದು ಅಧಿಕಾರಿಯ ವಿಚಾರ. ಗಿಟಾರನ್ನು ಹಣಕೊಟ್ಟು ಕೊಂಡವನು, ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಪಡೆದವನು, ಕಾಲೇಜಿನ ಹಾಸ್ಟೆಲಿನಲ್ಲಿ ಹಿಂದಿನ ಬ್ಯಾಚಿನವನು ಬಿಟ್ಟುಹೋದದ್ದನ್ನು ಗುರುಪರಂಪರೆಯ ಹಂಗಿಲ್ಲದೆ ಕೇವಲ ವಾದ್ಯಪರಂಪರೆಯಿಂದ ಹೊಂದಿದವನು ಎಂದು ಅಧಿಕಾರಿಗಳು ತ್ರಿವಿಧ. ಈ ಮೂವರಿಗೂ ಸಾಧನಚತುಷ್ಟಯ ಆವಶ್ಯಕ. ಎಲ್ಲಕ್ಕಿಂತ ದಪ್ಪನಾಗಿ, ನುಡಿಸುವವನ ಮುಖಕ್ಕೆ ಹತ್ತಿರವಾಗಿ ಇರುವ ತಂತಿಯೇ ಆರನೆಯದು, ಕೆಳಗಡೆಯ ತೆಳ್ಳನೆಯದೇ ಒಂದನೆಯದು ಎಂದು ಅರಿಯುವುದು ವಿವೇಕ. ಕಲಿಯಲಾರಂಭಿಸಿದ ಒಂದೇ ತಿಂಗಳಿನಲ್ಲಿ ಸೋದರತ್ತೆಯ ಮಗಳ ಆರತಕ್ಷತೆಯಲ್ಲಿ ನುಡಿಸಿ ಸೈ ಎನ್ನಿಸಿಕೊಳ್ಳಬೇಕೆಂಬ ಆಶೆಯನ್ನು ತೊರೆಯುವುದು ವೈರಾಗ್ಯ. ಆರು ತಂತಿಗಳನ್ನೂ ಪ್ರತಿದಿನ ತಪ್ಪದೆ ಶ್ರುತಿಗೆ ತರುವುದು ಷಟ್ಕಸಂಪತ್ತಿ. ಎಫ್ ಮೇಜರ್ ಎಂಬ ಕಾರ್ಡಿನಿಂದ, ಎಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛದಿಂದ, ಎಂದಿಗೆ ಬಿಡುಗಡೆಯಾದೀತೆಂಬ ತೀವ್ರವಾದ ಹಂಬಲವೇ ಮುಮುಕ್ಷುತ್ವ.

ಇನ್ನು ವಿಷಯ. 1674ರಲ್ಲಿ ಸ್ಪೇನ್ ದೇಶದ ಜಾರಗೋಜಾ ನಗರದಲ್ಲಿ ಗಾಸ್ಪರ್ ಸಾನ್ಸ್ ಎಂಬವನು ಗಿಟಾರ್ ಕಲಿಯುವವರಿಗಾಗಿ ಬೋಧನಗ್ರಂಥವೊಂದನ್ನು ಪ್ರಕಟಿಸಿದಾಗ ಆ ವಾದ್ಯಕ್ಕೆ ಇದ್ದದ್ದು ಐದು ಜೋಡಿ ತಂತಿಗಳು. ಮುಂದೆ ಜೋಡಿ ಹೋಗಿ ಒಂಟಿಯಾಯಿತು, ಐದು ಹೋಗಿ ಆರಾಯಿತು. ಅಲ್ಮೇರಿಯಾದ ಆಂಟೋನಿಯೋ ಡಿ ಟೊರೆಸ್ (1817–1892) ಒಡಲನ್ನು ಹಿಗ್ಗಿಸಿ ಒಳಗಣ ಪಟ್ಟಿಗಳನ್ನು ಬೀಸಣಿಗೆಯಾಕಾರದಲ್ಲಿ ಜೋಡಿಸಿ ಇಂದಿನ ಕ್ಲಾಸಿಕಲ್ ಗಿಟಾರಿನ ರೂಪವನ್ನು ನಿಲ್ಲಿಸಿದನು. ಉಕ್ಕಿನ ತಂತಿಯ ಅಕೌಸ್ಟಿಕ್ ಗಿಟಾರು ಅಮೆರಿಕೆಯ ಕೊಡುಗೆ; ಜರ್ಮನಿಯಿಂದ ವಲಸೆಹೋದ ಸಿ. ಎಫ್. ಮಾರ್ಟಿನ್ 1833ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿಸಿದ ಕಾರ್ಖಾನೆಯೇ 1916ರಲ್ಲಿ ಡ್ರೆಡ್‌ನಾಟ್ ಎಂಬ ದೊಡ್ಡ ಒಡಲಿನ ಮಾದರಿಯನ್ನು ಮೊದಲು ತಯಾರಿಸಿತು. ಈ ಹೆಸರು 1906ರಲ್ಲಿ ನೀರಿಗಿಳಿದ ಬ್ರಿಟಿಷ್ ಯುದ್ಧನೌಕೆಯೊಂದರದು. ಸುಕುಮಾರ ಕಲೆಯ ಉಪಕರಣಕ್ಕೆ ಯುದ್ಧನೌಕೆಯ ನಾಮಕರಣ ಏತಕ್ಕೆಂದು ಶಂಕಿಸುವವರು ಹೊಸಗಲಿಕೆಯವನಿರುವ ಮನೆಯ ಪಡಸಾಲೆಯಲ್ಲಿ ಅರ್ಧ ಘಂಟೆ ಕುಳಿತರೆ ಶಂಕೆ ತಾನಾಗಿ ಪರಿಹಾರವಾಗುವುದು. ಶ್ರುತಿಗೊಳಿಸಿದ ಆರು ಉಕ್ಕಿನ ತಂತಿಗಳ ಒಟ್ಟು ಸೆಳೆತ ಸುಮಾರು 70 ಕೆ.ಜಿ.; ಎಂದರೆ ಪ್ರಾಪ್ತವಯಸ್ಕನೊಬ್ಬನು ಹಗಲಿರುಳೂ ಆ ತೆಳುವಾದ ಹಲಗೆಯಿಂದ ನೇತಾಡುತ್ತಿರುವಂತೆ. ಹೀಗಿರುವಲ್ಲಿ ಬೆರಳು ನೊಂದರೆ ಅಚ್ಚರಿಯೇನು?

ಸಂಬಂಧವೆಂದರೆ ಕನ್ನಡಿಗನಿಗೂ ಈ ಪರದೇಶದ ವಾದ್ಯಕ್ಕೂ ಇರುವ ನಂಟು. ಇದು ನಮ್ಮದಲ್ಲವೆಂದು ಮೂಗು ಮುರಿಯುವ ಹಿರಿಯರು ಮನೆಮನೆಗೂ ಇರುವರು. ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನು ಕರ್ನಾಟಕ ಸಂಗೀತಕ್ಕೆ ತಂದುಕೊಂಡಾಗ ಅದೂ ನಮ್ಮದಾಗಿರಲಿಲ್ಲ. ಹವಾಯಿ ಗಿಟಾರಿಗೆ ಅನುರಣನದ ತಂತಿಗಳನ್ನು ಕೂಡಿಸಿ ಮೋಹನವೀಣೆಯೆಂದು ಕರೆದ ವಿಶ್ವಮೋಹನ ಭಟ್ಟರಿಗೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿಯೇ ಬಂದಿತು. ಇದಕ್ಕಿಂತ ನಿಕಟವಾದ ನಂಟು ಮರದ್ದು. ಬ್ರಜಿಲ್ ದೇಶವು ತನ್ನ ಬೀಟೆಯ ದಿಮ್ಮಿಗಳ ರಫ್ತನ್ನು ಬಿಗಿಗೊಳಿಸಿದುದರಿಂದ ಮಾರ್ಟಿನ್ ಕಾರ್ಖಾನೆ 1969ರಲ್ಲಿ ಭಾರತದ ಬೀಟೆಗೆ ತಿರುಗಿತು. ಅಂದಿನಿಂದ ಜಗತ್ತಿನ ಒಳ್ಳೆಯ ಗಿಟಾರುಗಳಲ್ಲಿ ಅನೇಕವುಗಳ ಬೆನ್ನೂ ಪಕ್ಕೆಯೂ ಈ ಮರದವೇ. ಕೊಡಗು ಮಲೆನಾಡುಗಳ ಕಾಡಿನಲ್ಲಿ ಬೆಳೆದು ತಾತನ ಮಂಚವಾಗಿ ಗದ್ದಿಗೆಗೊಂಡ ಜಾತಿಯ ಮರವೇ ಮೊಮ್ಮಗನ ತೊಡೆಯ ಮೇಲೆ ವಾದ್ಯವಾಗಿ ಕುಳಿತಿರುವಾಗ, ತಾತನು ಅದನ್ನು ಪರಕೀಯವೆಂದು ತೆಗಳುವುದು ವದತೋವ್ಯಾಘಾತ ದೋಷಕ್ಕೆ ಗುರಿಯಾಗುತ್ತದೆ.

ಪ್ರಯೋಜನವು ದೃಷ್ಟವೆಂದೂ ಅದೃಷ್ಟವೆಂದೂ ಎರಡು ಬಗೆ. ಮೂರು ನಾಲ್ಕು ಕಾರ್ಡುಗಳಿಂದ ನೂರಾರು ಹಾಡುಗಳಿಗೆ ಜೊತೆಗೂಡಬಹುದಾದುದು ದೃಷ್ಟ. ಅದೃಷ್ಟ ಪ್ರಯೋಜನವು ಹೆಸರೇ ಹೇಳುವಂತೆ ಕಣ್ಣಿಗೆ ಕಾಣುವುದಲ್ಲವಾದುದರಿಂದ ವಿಸ್ತರಿಸುವುದಿಲ್ಲ.

ಅಭಾವ ಪ್ರಕರಣ

ಹೊಸಗಲಿಕೆಯವನು ಕಾರ್ಡೊಂದನ್ನು ಹಿಡಿದು ಮೀಟಿದಾಗ ಹೊರಡತಕ್ಕ ನಾದವು ಹೊರಡದಿರುವುದು ಸರ್ವಾನುಭವಸಿದ್ಧ. ಅವನು ‘ಬರುತ್ತಿಲ್ಲ’ ಎಂದು ಒಂದೇ ಮಾತಿನಲ್ಲಿ ಕೈಚೆಲ್ಲುತ್ತಾನೆ. ನೈಯಾಯಿಕನಾದರೋ ಅಭಾವವು ಚತುರ್ವಿಧವೆಂಬುದನ್ನು ಬಲ್ಲನಾಗಿ, ಕಾರ್ಡನ್ನು ಹಿಡಿದಂತೆಯೇ ಇಟ್ಟುಕೊಂಡು ತಂತಿಗಳನ್ನು ಒಂದೊಂದಾಗಿ ಮೀಟಿ, ಯಾವ ತಂತಿಯಲ್ಲಿ ಯಾವ ಅಭಾವ ನೆಲಸಿದೆಯೆಂದು ಪರೀಕ್ಷಿಸುತ್ತಾನೆ.

ಬೆರಳು ಫ್ರೆಟ್ ಎಂಬ ಕತ್ತಿನ ಅಡ್ಡಪಟ್ಟಿಯಿಂದ ದೂರ ಹಿಂದೆ ಉಳಿದು, ಎಷ್ಟು ಒತ್ತಿದರೂ ತಂತಿ ಕರಕರಗುಟ್ಟುವುದೇ ಹೊರತು ನಾದ ಹುಟ್ಟದಿದ್ದರೆ ಅದು ಪ್ರಾಗಭಾವ. ಬೆರಳನ್ನು ಫ್ರೆಟ್ಟಿನ ಮೇಲೇರಿಸದೆ ಅದರ ಬೆನ್ನಿಗೆ ತಾಗುವಷ್ಟು ಸಮೀಪಕ್ಕೆ ಸರಿಸಿದರೆ ಅರ್ಧ ಬಲದಲ್ಲಿ ನಾದ ಹುಟ್ಟುತ್ತದೆ. ಒಂದು ತಂತಿಯಲ್ಲಿ ಹುಟ್ಟಿದ ನಾದವನ್ನು ಪಕ್ಕದ ತಂತಿಯನ್ನೊತ್ತಿದ ಬೆರಳಿನ ಮಾಂಸ ತಾಗಿ ಕೊಂದರೆ ಅದು ಪ್ರಧ್ವಂಸಾಭಾವ. ಎಡಗೈಯ ಉಗುರನ್ನು ಕತ್ತರಿಸಿ, ಹೆಬ್ಬೆರಳನ್ನು ಕತ್ತಿನ ಹಿಂಭಾಗದ ನಡುವಿಗೆ ಇಳಿಸಿ, ಬೆರಳಿನ ಗೆಣ್ಣುಗಳನ್ನು ಬಾಗಿಸಿ ತುದಿಯನ್ನು ನೆಟ್ಟಗೆ ಊರಿದರೆ ಈ ವಧೆ ತಪ್ಪುತ್ತದೆ. ಡಿ ಮೇಜರ್ ಹಿಡಿದಾಗ ಆರನೆಯ ತಂತಿಯ ನಾದವು ಭೂತ ಭವಿಷ್ಯದ್ವರ್ತಮಾನಗಳೆಂಬ ಮೂರು ಕಾಲಗಳಲ್ಲಿಯೂ ಇರತಕ್ಕದ್ದಲ್ಲ. ಇದು ಅತ್ಯಂತಾಭಾವ, ಮತ್ತು ಇದೊಂದೇ ಇಷ್ಟವಾದ ಅಭಾವ. ದುರದೃಷ್ಟವಶಾತ್ ವಿದ್ಯಾರ್ಥಿಯ ಉಳಿದೆಲ್ಲ ತಂತಿಗಳೂ ಮೌನವಾಗಿರುವಾಗ ಈ ಆರನೆಯದು ಮಾತ್ರ ಗಂಟಲು ಬಿಚ್ಚಿ ಕೂಗುತ್ತದೆ.

ಉಳಿದುದು ಅನ್ಯೋನ್ಯಾಭಾವ. ಘಟವು ಪಟವಲ್ಲ ಎಂಬಂತೆ, ಹೊರಟ ನಾದವು ಪುಸ್ತಕದಲ್ಲಿ ಹೇಳಿದ ನಾದವಲ್ಲ. ಬೆರಳುಗಳೆಲ್ಲ ಸರಿಯಾಗಿದ್ದೂ ಹೀಗಾಗುವುದಕ್ಕೆ ಕಾರಣ ಶ್ರುತಿ ತಪ್ಪಿರುವುದು. ಆರನೆಯ ತಂತಿಯ ಐದನೆಯ ಫ್ರೆಟ್ಟನ್ನೊತ್ತಿದರೆ ಬರುವ ನಾದವೇ ಐದನೆಯ ತಂತಿಯ ಬಿಡಿನಾದ, 110 ಹರ್ಟ್ಜ್. ಐದನೆಯದರಿಂದ ನಾಲ್ಕನೆಯದಕ್ಕೂ ನಾಲ್ಕನೆಯದರಿಂದ ಮೂರನೆಯದಕ್ಕೂ ಎರಡನೆಯದರಿಂದ ಒಂದನೆಯದಕ್ಕೂ ಇದೇ ನ್ಯಾಯ. ಮೂರನೆಯದರಿಂದ ಎರಡನೆಯದಕ್ಕೆ ಮಾತ್ರ ನಾಲ್ಕನೆಯ ಫ್ರೆಟ್ಟು. ಈ ಅಪವಾದಕ್ಕೆ ಭಾಷ್ಯ ಬರೆಯುವ ಬದಲು ಬಾಯಿಪಾಠ ಮಾಡುವುದು ಲೇಸು. ಟ್ಯೂನರನ್ನು ಉಪಯೋಗಿಸುವುದು ಅಪಚಾರವಲ್ಲ, ಉಪಯೋಗಿಸದಿರುವುದೇ ಪ್ರತ್ಯವಾಯ.

ಅನುಮಾನ ಪ್ರಕರಣ

ಕಲಿಯುವವನ ಉತ್ಸಾಹವನ್ನು ಕುಗ್ಗಿಸುವವುಗಳಲ್ಲಿ ನೆರೆಹೊರೆಯನ್ನು ಕುರಿತ ಊಹೆ ಮುಖ್ಯವಾದುದರಿಂದ ಅದನ್ನೂ ಪಂಚಾವಯವ ವಾಕ್ಯದಿಂದ ಶೋಧಿಸಬೇಕಾಗಿದೆ. ನನ್ನ ವಾದನವು ಕರ್ಣಕಠೋರವಾದುದು, ಇದು ಪ್ರತಿಜ್ಞೆ. ಎದುರುಮನೆಯ ಕಿಟಕಿ ಮುಚ್ಚಿಕೊಂಡುದರಿಂದ, ಇದು ಹೇತು. ಎಲ್ಲೆಲ್ಲಿ ಕಿಟಕಿ ಮುಚ್ಚುವುದೋ ಅಲ್ಲಲ್ಲಿ ಸಮೀಪದಲ್ಲಿ ಕರ್ಣಕಠೋರ ವಾದನವಿರುವುದು, ಕಳೆದ ವರ್ಷ ಮೇಲ್ಮನೆಯ ಹುಡುಗನು ಡ್ರಮ್ಸ್ ಕಲಿತಾಗ ಕಂಡಂತೆ, ಇದು ಉದಾಹರಣೆ. ಇಲ್ಲಿಯೂ ಕಿಟಕಿ ಮುಚ್ಚಿದೆ, ಇದು ಉಪನಯ. ಆದಕಾರಣ ನನ್ನ ವಾದನವು ಕರ್ಣಕಠೋರ, ಇದು ನಿಗಮನ. ನೋಡುವುದಕ್ಕೆ ಅಭೇದ್ಯವಾಗಿರುವ ಈ ಅನುಮಾನ ಬೆಂಗಳೂರಿನಲ್ಲಿ ನಿಲ್ಲುವುದಿಲ್ಲ. ಸಂಜೆ ಆರಾಯಿತೆಂದರೆ ಸೊಳ್ಳೆಗೆ ಹೆದರಿ ಕಿಟಕಿ ಮುಚ್ಚುವುದು ಈ ನಗರದಲ್ಲಿ ಸಾರ್ವತ್ರಿಕವಾದ ಆಚಾರವಾಗಿರುವುದರಿಂದ ಮೇಲಣ ಹೇತು ಸವ್ಯಭಿಚಾರ, ಎಂದರೆ ಹೇತ್ವಾಭಾಸ. ಕಿಟಕಿ ಮುಚ್ಚಿದ್ದು ಸೊಳ್ಳೆಗೋ ನಿನ್ನ ಸ್ಟ್ರಮ್ಮಿಂಗಿಗೋ ಎಂಬುದು ನಿರ್ಣಯವಾಗುವ ತನಕ, ಅಪ್ಪಾ ಸಾಧಕನೆ, ನುಡಿಸುತ್ತಿರು.

ಪೂರ್ವಪಕ್ಷ ಪ್ರಕರಣ

ಇಲ್ಲಿ ಆಕ್ಷೇಪಿಸುವರು: ಬೆರಳು ಉರಿಯುತ್ತದೆ, ಆದುದರಿಂದ ಗಿಟಾರು ತ್ಯಾಜ್ಯ. ಸಮಾಧಾನ: ಉರಿ ಸಹಜ, ಕೆಲವು ವಾರಗಳಲ್ಲಿ ಬೆರಳ ತುದಿಯ ಚರ್ಮ ಗಟ್ಟಿಯಾಗಿ ಅದು ತಾನಾಗಿ ತಣಿಯುತ್ತದೆ. ಆದರೆ ಮಣಿಕಟ್ಟಿನಲ್ಲಿ ನೋವು ಬಂದರೆ ಅದು ತಪಸ್ಸಲ್ಲ, ಕೂಡಲೇ ನಿಲ್ಲಿಸತಕ್ಕದ್ದು. ಉಕ್ಕಿನ ತಂತಿಯ ಗಿಟಾರಿನಲ್ಲಿ ಹನ್ನೆರಡನೆಯ ಫ್ರೆಟ್ಟಿನ ಮೇಲೆ ತಂತಿ 3 ಮಿಲಿಮೀಟರಿಗಿಂತ ಎತ್ತರದಲ್ಲಿದ್ದರೆ ದೋಷ ಬೆರಳಿನದಲ್ಲ, ವಾದ್ಯದ್ದು. ಗಿಟಾರ್ ರಿಪೇರಿ ಮಾಡುವವನಲ್ಲಿಗೆ ಒಯ್ದು ಸೆಟಪ್ ಮಾಡಿಸಿದರೆ ವರ್ಷದ ಸಂಕಟ ಒಂದು ಮಧ್ಯಾಹ್ನದಲ್ಲಿ ತೀರುತ್ತದೆ.

ಮತ್ತೆ ಆಕ್ಷೇಪಿಸುವರು: ನನ್ನ ಬೆರಳುಗಳು ಇದಕ್ಕೆ ಹೇಳಿಮಾಡಿಸಿದವಲ್ಲ. ಸಮಾಧಾನ: 1928ರಲ್ಲಿ ಗಾಡಿಮನೆಗೆ ಬೆಂಕಿ ತಗುಲಿ ಎಡಗೈಯ ಕೊನೆಯ ಎರಡು ಬೆರಳುಗಳು ಸುಟ್ಟು ಮುರುಟಿದ ಜ್ಯಾಂಗೊ ರೈನ್‌ಹಾರ್ಟನು ಉಳಿದೆರಡು ಬೆರಳುಗಳಿಂದಲೇ ತಾನಗಳನ್ನು ನುಡಿಸಿ ಯೂರೋಪಿನ ಜ್ಯಾಸ್ ಸಂಗೀತದ ಮೇರುವಾದನು. ನಾಲ್ಕೂ ಬೆರಳುಳ್ಳವನು ಅವನ ಮುಂದೆ ಈ ಆಕ್ಷೇಪವನ್ನು ಎತ್ತತಕ್ಕದ್ದಲ್ಲ. ವಯಸ್ಸು ಮೀರಿತೆನ್ನುವವರಿಗೆ ಎಲಿಜಬೆತ್ ಕಾಟನ್ ದೃಷ್ಟಾಂತ. ಎಡಚಿಯಾದ ಈಕೆ ಬಲಗೈಯವರ ಗಿಟಾರನ್ನೇ ತಲೆಕೆಳಗಾಗಿ ಹಿಡಿದು ಬಾಲ್ಯದಲ್ಲಿ ಕಲಿತಳು; ಸಂಸಾರದ ನೊಗದಲ್ಲಿ ದಶಕಗಳ ಕಾಲ ಅದನ್ನು ಬಿಟ್ಟಿದ್ದು, ಸೀಗರ್ ಎಂಬ ಸಂಗೀತಗಾರರ ಮನೆಯಲ್ಲಿ ಕೆಲಸಕ್ಕಿದ್ದಾಗ ಗೋಡೆಗೆ ತೂಗುಹಾಕಿದ್ದ ಗಿಟಾರನ್ನು ಇಳಿಸಿ ಮತ್ತೆ ನುಡಿಸತೊಡಗಿದಳು. ಅರುವತ್ತರ ಆಚೆ ಮೊದಲ ಧ್ವನಿಮುದ್ರಿಕೆ, ತೊಂಬತ್ತರ ಆಸುಪಾಸಿನಲ್ಲಿ ಗ್ರ್ಯಾಮಿ.

ಗಿಟಾರನ್ನು ಎಲ್ಲಿಡಬೇಕೆಂಬಲ್ಲಿ ಆಚಾರ್ಯರಲ್ಲಿ ಮತಭೇದವಿದೆ. ಮಂಗಳೂರಿನ ಮಳೆಗಾಲದಲ್ಲಿ ಮರ ತೇವ ಕುಡಿದು ಉಬ್ಬುವುದನ್ನೂ ಕಲಬುರಗಿಯ ಬೇಸಗೆಯಲ್ಲಿ ಒಣಗಿ ಕುಗ್ಗುವುದನ್ನೂ ಕಂಡ ಕೋಶವಾದಿಗಳು, ಶೇಕಡಾ 45ರಿಂದ 55ರ ತೇವಾಂಶವೇ ವಾದ್ಯಕ್ಕೆ ಹಿತವಾದುದರಿಂದ ಪೆಟ್ಟಿಗೆಯೇ ಯೋಗ್ಯಸ್ಥಾನವೆನ್ನುವರು. ಭಿತ್ತಿವಾದಿಗಳೋ, ಪೆಟ್ಟಿಗೆಯೊಳಗಿನ ಗಿಟಾರು ಸುರಕ್ಷಿತವಾಗಿ ಇರುವುದೇ ಹೊರತು ನುಡಿಯುವುದಿಲ್ಲವಾದುದರಿಂದ ಗೋಡೆಯ ಮೇಲಾಗಲಿ ಸ್ಟ್ಯಾಂಡಿನಲ್ಲಾಗಲಿ ಕೈಗೆಟಕುವಂತೆ ಇರಲಿ ಎನ್ನುವರು. ಕಾಟನ್ ಪ್ರಕರಣದ ಬಲದಿಂದ ನಾವು ಎರಡನೆಯ ಪಕ್ಷವನ್ನು ಅಂಗೀಕರಿಸುತ್ತೇವೆ. ಬಿಸಿಲು ಬೀಳುವ ಗೋಡೆಯನ್ನು ಮಾತ್ರ ವರ್ಜಿಸುತ್ತೇವೆ.

ಸಿದ್ಧಾಂತ ಪ್ರಕರಣ

ಎಫ್ ಮೇಜರಿನ ಭಯವೇ ಈ ಶಾಸ್ತ್ರದ ಸಂಸಾರಭಯ. ತೋರುಬೆರಳೊಂದು ಆರು ತಂತಿಗಳ ಮೇಲೂ ಅಡ್ಡಲಾಗಿ ಮಲಗಬೇಕಾದ ಈ ಕಾರ್ಡು ಮೊದಲನೆಯ ಫ್ರೆಟ್ಟಿನಲ್ಲಿದೆ; ತಂತಿಗಳು ಕತ್ತಿನ ತುದಿಯ ನಟ್ ಎಂಬ ಪಟ್ಟಿಯ ಮೇಲೆ ಅಲ್ಲಿಯೇ ಬಿಗಿಯಾಗಿ ಕುಳಿತಿರುವುದರಿಂದ ಆ ಸ್ಥಾನದಲ್ಲಿ ಒತ್ತಲು ಅತ್ಯಧಿಕ ಬಲ ಬೇಕು. ಪುಸ್ತಕಗಳು ವಿದ್ಯಾರ್ಥಿಯನ್ನು ಮೊದಲು ನೂಕುವುದೂ ಅಲ್ಲಿಗೇ. ಉಪಾಯವೇನೆಂದರೆ, ಅದೇ ಆಕೃತಿಯನ್ನು ಐದನೆಯ ಫ್ರೆಟ್ಟಿನಲ್ಲಿ ಹಿಡಿದರೆ ಅದು ಎ ಮೇಜರ್ ಆಗುತ್ತದೆ, ತಂತಿಯೂ ಮೆದುವಾಗುತ್ತದೆ. ಅಲ್ಲಿ ನಾದ ಶುದ್ಧವಾಗಿ ಬಂದ ಮೇಲೆ ನಾಲ್ಕಕ್ಕೆ, ಆಮೇಲೆ ಮೂರಕ್ಕೆ, ಹೀಗೆ ಒಂದೊಂದು ಮೆಟ್ಟಿಲು ಇಳಿಯತಕ್ಕದ್ದು. ತೋರುಬೆರಳನ್ನು ಚಪ್ಪಟೆಯಾಗಿ ಒತ್ತದೆ ಹೆಬ್ಬೆರಳಿನ ಕಡೆಯ ಅಂಚಿಗೆ ತುಸು ಹೊರಳಿಸಿದರೆ ಅರ್ಧ ಯುದ್ಧ ಗೆದ್ದಂತೆ.

ಕಾರ್ಡಿನಿಂದ ಕಾರ್ಡಿಗೆ ಸಾಗುವಲ್ಲಿ ಲಾಘವನ್ಯಾಯವನ್ನು ಅನುಸರಿಸಬೇಕು. ಸಿ ಮೇಜರಿನಿಂದ ಎ ಮೈನರಿಗೆ ಹೋಗುವಾಗ ಉಂಗುರಬೆರಳೊಂದು ಚಲಿಸಿದರೆ ಸಾಕು, ತೋರುಬೆರಳೂ ನಡುಬೆರಳೂ ಇದ್ದಲ್ಲಿಯೇ ಇರತಕ್ಕವು. ವಿದ್ಯಾರ್ಥಿಯು ಮೂರನ್ನೂ ಆಕಾಶಕ್ಕೆತ್ತಿ ಹೊಸದಾಗಿ ಇಳಿಸುತ್ತಾನೆ. ಇದು ಗೌರವದೋಷ. ಇಂಥ ಎರಡು ಕಾರ್ಡುಗಳನ್ನು ಆರಿಸಿಕೊಂಡು ಒಂದು ನಿಮಿಷದಲ್ಲಿ ಎಷ್ಟು ಸಲ ಬದಲಾಯಿಸಲು ಸಾಧ್ಯವಾಯಿತೆಂದು ಎಣಿಸಿ ಬರೆದಿಡುತ್ತ ಬಂದರೆ, ಕಿವಿಗೆ ಕೇಳಿಸದ ಪ್ರಗತಿ ಕಾಗದದ ಮೇಲೆ ಕಾಣುತ್ತದೆ. ಮೆಟ್ರೊನೋಮನ್ನು ನಿಮಿಷಕ್ಕೆ 60 ಏಟಿಗೆ ಇರಿಸಿ, ಎಡಗೈ ಎಡವಿದರೂ ಬಲಗೈಯ ಲಯ ನಿಲ್ಲದಂತೆ ನೋಡಿಕೊಳ್ಳಬೇಕು. ತಪ್ಪಿದ ಕಾರ್ಡನ್ನು ಕೇಳುವವರು ಕ್ಷಮಿಸುವರು, ತಪ್ಪಿದ ತಾಳವನ್ನು ಕ್ಷಮಿಸರು. ಭಾನುವಾರದ ಎರಡು ಘಂಟೆಗಳ ಉಗ್ರತಪಸ್ಸಿಗಿಂತ ದಿನಕ್ಕೆ 15 ನಿಮಿಷದ ನಿತ್ಯಕರ್ಮ ಮೇಲು, ಏಕೆಂದರೆ ಕೈ ಕಲಿತದ್ದನ್ನು ಮಿದುಳು ನೆಲೆಗೊಳಿಸುವುದು ನಡುನಡುವೆ ಬರುವ ವಿರಾಮದಲ್ಲಿ ಮತ್ತು ನಿದ್ರೆಯಲ್ಲಿ. ನಿದ್ರೆಯೂ ಈ ಶಾಸ್ತ್ರದಲ್ಲಿ ಸಾಧನೆಯ ಅಂಗ.

ಫಲಶ್ರುತಿ

ಈ ಮೀಮಾಂಸೆಯನ್ನು ಭಕ್ತಿಯಿಂದ ಪಠಿಸಿದವನಿಗೆ ಎ ಮೈನರೂ ಸಿದ್ಧಿಸದು, ಕೇಳಿದವನಿಗೂ ಸಿದ್ಧಿಸದು, ಬರೆದು ದಾನಮಾಡಿದವನಿಗಂತೂ ಖಂಡಿತ ಸಿದ್ಧಿಸದು. ಗಿಟಾರನ್ನು ಶ್ರುತಿಮಾಡಿ ಸಿ ಮೇಜರಿನಿಂದ ಎ ಮೈನರಿಗೂ ಎ ಮೈನರಿನಿಂದ ಸಿ ಮೇಜರಿಗೂ ಇಂದೂ ನಾಳೆಯೂ ನಾಡಿದ್ದೂ ಹೋಗಿಬಂದವನಿಗೆ ಸಿದ್ಧಿಸುತ್ತದೆ. ಆದುದರಿಂದ ಓದುಗರಲ್ಲಿ ವಿಜ್ಞಾಪನೆ: ಈ ಪ್ರಬಂಧವನ್ನು ಓದುವುದರಲ್ಲಿ ಕಳೆದ ಕಾಲವನ್ನು ಇಂದಿನ 15 ನಿಮಿಷಗಳ ಲೆಕ್ಕಕ್ಕೆ ಸೇರಿಸಿಕೊಳ್ಳತಕ್ಕದ್ದಲ್ಲ.