ಒಂದೆಳೆ ಕಡಿಮೆ ಕಿತ್ತರೆ ಲಟಲಟ, ಒಂದೆಳೆ ಹೆಚ್ಚು ಕಿತ್ತರೆ ಗೊಟಕ್

ತಿರುಗುವ ದಂಡಕ್ಕೆ ಆಸರೆಯಾಗಿ, ತಾನು ಸವೆದಾದರೂ ಅದನ್ನು ಸವೆಯಗೊಡದ ತ್ಯಾಗಜೀವಿಗೆ ಬೇರಿಂಗ್ ಎಂದೂ, ಎದುರು ಬದಿಯಿಂದ ದಂಡವನ್ನು ತಬ್ಬಿ ಬೋಲ್ಟುಗಳ ಬಿಗಿತದಲ್ಲಿ ಕೂರುವ ಅರ್ಧಚಂದ್ರಕ್ಕೆ ಬೇರಿಂಗ್ ಕ್ಯಾಪ್ ಎಂದೂ ಹೆಸರು. 1908ರಿಂದ 1927ರವರೆಗೆ ಅಮೆರಿಕದಲ್ಲಿ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಈ ತ್ಯಾಗದ ಹೊಣೆ ಬಿದ್ದದ್ದು ಬ್ಯಾಬಿಟ್ ಎಂಬ, ತವರವೇ ಪ್ರಧಾನವಾದ ಮೆದು ಮಿಶ್ರಲೋಹದ ಮೇಲೆ.

ಬ್ಯಾಬಿಟ್ ಸವೆದು ಎಂಜಿನ್ ಲಟಲಟ ಎಂದು ಗೊಣಗತೊಡಗಿದಾಗ, ಕ್ಯಾಪಿನ ಅಂಚುಗಳಡಿ ಶಿಮ್ ಎಂಬ ಹಿತ್ತಾಳೆಯ ತೆಳು ಹಾಳೆಗಳಿದ್ದರೆ ಒಂದನ್ನು ಕಿತ್ತು, ಇಲ್ಲದಿದ್ದರೆ ಕ್ಯಾಪನ್ನೇ ಅರದಿಂದ ಉಜ್ಜಿ, ದಂಡಕ್ಕೂ ಬೇರಿಂಗಿಗೂ ನಡುವಿನ ಸಂದನ್ನು ಕಿರಿದುಗೊಳಿಸುವುದು ರಿಪೇರಿಗಾರನ ಉಪಾಯವಾಗಿತ್ತು. ಆದರೆ ಉಳಿಯಬೇಕಾದ ಸಂದು ಅಂಗುಲದ ಸಾವಿರದಲ್ಲೊಂದು ಭಾಗಕ್ಕಿಂತ ತುಸು ಹೆಚ್ಚಷ್ಟೇ ಆದ್ದರಿಂದ, ಉತ್ಸಾಹದಲ್ಲಿ ಇನ್ನೊಂದು ಹಾಳೆ ಕಿತ್ತವನಿಗೆ ಎಣ್ಣೆಯ ಪೊರೆಗೆ ಎಡೆಯಿಲ್ಲದೆ ಬ್ಯಾಬಿಟ್ ಕರಗಿ ಹರಿಯುವ ದರ್ಶನಭಾಗ್ಯ ಲಭಿಸುತ್ತಿತ್ತು. ಹಾಳೆ ತೆಗೆದಾಗ ರಂಧ್ರ ಕಿರಿದಾಗುವುದು ಒಂದೇ ದಿಕ್ಕಿನಲ್ಲಿ, ಅಂದರೆ ಅದು ದುಂಡಾಗದೆ ಮೊಟ್ಟೆಯ ಆಕಾರ ತಾಳುತ್ತದೆ (ಇದನ್ನು ಗಿರಾಕಿಗೆ ಹೇಳುವ ಪದ್ಧತಿ ಇರಲಿಲ್ಲವೆಂದು ಊಹಿಸಬಹುದು). ಬೇರಿಂಗ್ ಪೂರ್ತಿ ಕೈಕೊಟ್ಟಾಗ ನಡುದಾರಿಯಲ್ಲಿ ಸೊಂಟದ ಚರ್ಮದ ಬೆಲ್ಟಿನ ತುಂಡನ್ನೇ ಒಳಗಿಟ್ಟು ಮನೆ ಸೇರಿದವರ ಕತೆಗಳು ಪ್ರಚಲಿತವಾಗಿದ್ದು, ಹಾಗೆ ಬಂದವರ ಪ್ಯಾಂಟಿನ ಗತಿಯನ್ನು ಮಾತ್ರ ಯಾವ ಕತೆಗಾರನೂ ವಿವರಿಸುವುದಿಲ್ಲ.

ಈಗಿನ ಎಂಜಿನ್ನುಗಳಲ್ಲಿ ಕಾರ್ಖಾನೆಯಲ್ಲೇ ಅಳತೆಗೆ ಮಾಡಿದ ತೆಳು ಚಿಪ್ಪುಗಳಿರುವುದರಿಂದ ಹಾಳೆ ಕೀಳುವ, ಅರ ಉಜ್ಜುವ ಸಂಭ್ರಮಕ್ಕೆ ಅವಕಾಶವಿಲ್ಲ. ಆದರೂ ಒಂದು ಕ್ಯಾಪನ್ನು ಇನ್ನೊಂದರ ಜಾಗದಲ್ಲಿ ಕೂರಿಸಿದರೆ ದಂಡವು ಹೊಸ ಸೊಸೆಯಂತೆ ಮುನಿದು, ತಿರುಗಲೊಲ್ಲೆನೆಂದು ಕೂತುಬಿಡುವುದುಂಟು.