ಹನಿ ಪಂಡಿತರು

ಮದುವೆಯ ಪಂಕ್ತಿಯಲ್ಲಿ ಯಾರಾದರೂ ಒಂದು ಸೀನು ಸೀನಿದರೆ ಸಾಕು, ಎಲೆ ಬಿಟ್ಟು ಎದ್ದುಬರುವವರೊಬ್ಬರು ಪ್ರತಿ ಬಳಗದಲ್ಲೂ ಇರುತ್ತಾರೆ. ಜೇಬಿನಿಂದ ಹೆಬ್ಬೆರಳುದ್ದದ ಬಾಟಲಿ ಹೊರಬರುತ್ತದೆ. "ಎರಡೇ ಹನಿ" ಎನ್ನುತ್ತಾರೆ. ಎರಡು ಕರವಸ್ತ್ರಕ್ಕೆ, ಇನ್ನೆರಡು ಎದೆಗೆ, ಮತ್ತೆರಡು ನೆತ್ತಿಗೆ. ಬೇಡವೆನ್ನಲು ಬಾಯಿ ತೆರೆದವರ ನಾಲಗೆಗೂ ಒಂದೆರಡು. ಅಂದಿನ ಹೋಳಿಗೆ ಇಡೀ ಸಾಲಿಗೆ ನೀಲಗಿರಿ ರುಚಿ. ಇವರನ್ನು ಹನಿ ಪಂಡಿತರೆನ್ನೋಣ. ಹಿಂದೆ ಇವರ ಬಳಿ ಊಟಿಯಿಂದ ತಂದ ನೀಲಗಿರಿ ಎಣ್ಣೆಯೊಂದೇ ಇರುತ್ತಿತ್ತು; ಈಗ ಲ್ಯಾವೆಂಡರ್, ಟೀ ಟ್ರೀ, ಪೆಪ್ಪರ್‌ಮಿಂಟ್ ತುಂಬಿದ ಪೆಟ್ಟಿಗೆಯಿದೆ, ಹಗಲಿರುಳು ಆವಿಯುಗುಳುವ ಡಿಫ್ಯೂಸರ್ ಇದೆ. ಎಣ್ಣೆಯನ್ನು ಅತಿಯಾಗಿ ನಂಬುತ್ತಾರೆಂಬುದು ಇವರ ಮೇಲಿನ ದೂರು. ನನ್ನ ದೂರು ಬೇರೆ: ಅವರದು ಅರೆನಂಬಿಕೆ. ಎಣ್ಣೆಗೆ ಗುಣಪಡಿಸುವ ಶಕ್ತಿಯಿದೆ ಎಂದು ನಂಬುವವರು ಕೆಡಿಸುವ ಶಕ್ತಿಯೂ ಇದೆಯೆಂದರೆ ನಗುತ್ತಾರೆ.

ಇದ್ದರೆ ಎರಡೂ ಇರಬೇಕಲ್ಲವೇ? ಒಂದು ಕಿಲೋ ಗುಲಾಬಿ ಎಣ್ಣೆಗೆ ಮೂರು-ನಾಲ್ಕು ಸಾವಿರ ಕಿಲೋ ಎಸಳು ಬೇಕು. ಹನಿಯೆಂದರೆ ಹೂವಲ್ಲ, ತೋಟ. ಕೀಲುನೋವಿಗೆ ಹಚ್ಚುವ ವಿಂಟರ್‌ಗ್ರೀನ್ ಎಣ್ಣೆಯ ಒಂದೇ ಚಮಚದಲ್ಲಿ 20ಕ್ಕೂ ಹೆಚ್ಚು ಆಸ್ಪಿರಿನ್ ಮಾತ್ರೆಗಳಿಗೆ ಸಮನಾದ ಸ್ಯಾಲಿಸಿಲೇಟ್ ಇರುತ್ತದೆ; ಮಗುವೊಂದು ಅದನ್ನು ಕುಡಿದರೆ ಜೀವಕ್ಕೇ ಅಪಾಯ. ನೀಲಗಿರಿ ಎಣ್ಣೆ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದೆಂಬುದು ಹಳೆಯ ತಿಳಿವಳಿಕೆ. ಬರೀ ಮೂಸಿದ ಮೇಲೂ ಫಿಟ್ಸ್ ಬಂದವರ ಬಗ್ಗೆ ಬೆಂಗಳೂರಿನ ನರರೋಗ ತಜ್ಞರು 2017ರಲ್ಲಿ ಬರೆದಿದ್ದಾರೆ. ಕರ್ಪೂರವೂ ಅದೇ ಜಾತಿ. ಹೀಗಿದ್ದೂ ಹಸುಗೂಸಿನ ಮೂಗು ಕಟ್ಟಿತೆಂದರೆ ಪಂಡಿತರ ಬಾಟಲಿ ತೊಟ್ಟಿಲಿನವರೆಗೆ ನಡೆದುಬರುತ್ತದೆ.

"ಪ್ರಕೃತಿಯದ್ದು, ಏನೂ ಆಗಲ್ಲ" ಎಂಬುದು ಅವರ ಮೊದಲ ಉತ್ತರ. ದತ್ತೂರಿಯೂ ಪ್ರಕೃತಿಯದ್ದೇ, ಶಿವನಿಗೆ ಏರಿಸುತ್ತೇವೆ, ಸಾರಿಗೆ ಹಾಕುವುದಿಲ್ಲ. "ನಮ್ಮಜ್ಜಿ ಕಾಲದಿಂದ ಬಂದದ್ದು" ಎಂಬುದು ಎರಡನೆಯದು. ಅಜ್ಜಿ ಬಳಸಿದ್ದು ಬಟ್ಟೆಯಲ್ಲಿ ಕಟ್ಟಿದ ಓಮದ ಗಂಟು, ಬಿಸಿನೀರಿಗೆ ಹಾಕಿದ ತುಳಸಿ ಎಲೆ. ಬಾಟಲಿಯೊಳಗಿರುವುದು ಭಟ್ಟಿ ಇಳಿಸಿದ ಸಾರ. 1916ರಲ್ಲಿ ಮೈಸೂರು ಸಂಸ್ಥಾನ ಗಂಧದೆಣ್ಣೆ ತೆಗೆಯಲು ಕಾರ್ಖಾನೆಯನ್ನೇ ಕಟ್ಟಬೇಕಾಯಿತು, ಒರಳುಕಲ್ಲು ಸಾಲಲಿಲ್ಲ. ಮೂರನೆಯದು ಫ್ರಾನ್ಸಿನ ಗಾಟ್‌ಫೊಸೆಯ ಕಥೆ: ಪ್ರಯೋಗಾಲಯದಲ್ಲಿ ಸುಟ್ಟ ಕೈಯನ್ನು ಲ್ಯಾವೆಂಡರ್ ಎಣ್ಣೆಯಲ್ಲಿ ಅದ್ದಿದ, ವಾಸಿಯಾಯಿತು, ಅರೋಮಾಥೆರಪಿ ಹುಟ್ಟಿತು. ಆದರೆ 1937ರಲ್ಲಿ ಆ ಹೆಸರಿನ ಪುಸ್ತಕ ಬರೆದ ಗಾಟ್‌ಫೊಸೆ ರಸಾಯನಶಾಸ್ತ್ರಜ್ಞ. ಬೆಂಕಿ ಹತ್ತಿದಾಗ ತಾನು ಮೊದಲು ಹುಲ್ಲಿನ ಮೇಲೆ ಉರುಳಾಡಿ ಆರಿಸಿಕೊಂಡೆನೆಂದು ಆತನೇ ಹೇಳಿದ್ದಾನೆ. ಲ್ಯಾವೆಂಡರ್ ಬಂದದ್ದು ಆಮೇಲೆ, ಗಾಯ ಕೊಳೆಯತೊಡಗಿದಾಗ. ಪಂಡಿತರ ಕಥೆಯಲ್ಲಿ ಹುಲ್ಲು ಬಿಟ್ಟುಹೋಗಿದೆ.

ಹಾಗಾದರೆ ಎಲ್ಲವೂ ಬೂಟಾಟಿಕೆಯೇ ಎಂದು ಇನ್ನೊಂದು ಪಕ್ಷ ಕೇಳಬಹುದು. ಅಲ್ಲ. ವಾಸನೆಯ ನರ ಮೂಗಿನಿಂದ ನೇರವಾಗಿ ಮಿದುಳಿಗೆ, ಭಾವನೆ ಮತ್ತು ನೆನಪುಗಳ ನೆರೆಮನೆಗೇ ಹೋಗುತ್ತದೆ. ಮಲ್ಲಿಗೆಯ ದಂಡೆ ಮೂಸಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹಿತವಾದ ಪರಿಮಳ, ಜೊತೆಗೊಂದು ಮೃದುವಾದ ಮಾಲೀಶು ಮನಸ್ಸನ್ನು ಸಡಿಲಿಸುತ್ತವೆ. ಲವಂಗದೆಣ್ಣೆಯ ಯೂಜಿನಾಲನ್ನು ದಂತವೈದ್ಯರೂ ಬಳಸುತ್ತಾರೆ. ಆದರೆ ನಿದ್ದೆಗೆ ನೆರವಾಗುವ ಲ್ಯಾವೆಂಡರ್ ಸಕ್ಕರೆ ಕಾಯಿಲೆಯನ್ನೂ ಇಳಿಸೀತೆಂದು ಮಾತ್ರೆ ಬಿಡಿಸುವುದು ಪಂಡಿತರ ಸ್ವಂತ ಸಂಶೋಧನೆ. ತಮಾಷೆಯೆಂದರೆ ಅವರ ಮಂತ್ರ ಸರಿಯಾಗಿಯೇ ಇದೆ. ಒಂದು ಚಮಚ ಕೊಬ್ಬರಿ ಎಣ್ಣೆಯಲ್ಲಿ ಸುಮಾರು 100 ಹನಿ. ಅದಕ್ಕೆ ಎರಡೇ ಹನಿ ಬೆರೆಸಿದರೆ ದೊಡ್ಡವರ ಮೈಗೆ ಸಾಮಾನ್ಯವಾಗಿ ಹೇಳುವ ಶೇಕಡಾ 2ರ ಪ್ರಮಾಣ. ಮೊದಲು ಮೊಳಕೈ ಒಳಮಗ್ಗುಲಿಗೆ ಹಚ್ಚಿ ಒಂದು ದಿನ ಕಾಯಬೇಕು. ನಿಂಬೆ ಜಾತಿಯ ಕೆಲವು ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗುತ್ತದೆ. ಡಿಫ್ಯೂಸರ್ ಅರ್ಧ ಗಂಟೆ ಸಾಕು, ಕಿಟಕಿ ತೆರೆದಿರಲಿ. ಬಸುರಿಯರು, ಪುಟ್ಟ ಮಕ್ಕಳು, ಉಬ್ಬಸ ಅಥವಾ ಫಿಟ್ಸ್ ಇರುವವರ ವಿಷಯದಲ್ಲಿ ವೈದ್ಯರನ್ನು ಕೇಳಬೇಕು. ಬೆಕ್ಕಿದ್ದ ಮನೆಯಲ್ಲಿ ಟೀ ಟ್ರೀ ಬೇಡ. ಹೊಟ್ಟೆಗಂತೂ ಕೂಡದು.

ಇಷ್ಟೆಲ್ಲ ವಾದ ಗೆದ್ದ ಮೇಲೂ ಆ ಪಂಕ್ತಿ ಕಣ್ಣಿಗೆ ಕಟ್ಟುತ್ತದೆ. ಸೀನು ಕೇಳಿದವರೆಲ್ಲ ಎಲೆಯನ್ನು ಒಂದು ಗೇಣು ಆಚೆ ಸರಿಸಿದರು, ಬಿಸಿ ಹೋಳಿಗೆ ಬಿಟ್ಟು ಎದ್ದುಬಂದು "ಏನಪ್ಪಾ, ರಾತ್ರಿ ನಿದ್ದೆ ಬಂತಾ?" ಎಂದು ಹಣೆ ಮುಟ್ಟಿದವರು ಪಂಡಿತರೊಬ್ಬರೇ. ಎಷ್ಟೋ ಬಾರಿ ವಾಸಿಯಾದದ್ದು ಆ ಪ್ರಶ್ನೆಗೋ ಏನೋ. ಹೆಸರು ಬಂದದ್ದು ಬಾಟಲಿಗೆ. ಅವರ ಕೈಯಿಂದ ಅದನ್ನು ಕಿತ್ತುಕೊಳ್ಳುವುದು ಬೇಡ. ಮುಂದಿನ ಮದುವೆಗೆ ತಾಂಬೂಲದ ಚೀಲದಲ್ಲಿ ಅವರಿಗೊಂದು ಚಮಚವನ್ನೂ, ಕೊಬ್ಬರಿ ಎಣ್ಣೆಯ ಪುಟ್ಟ ಡಬ್ಬಿಯನ್ನೂ ಇಟ್ಟುಕೊಟ್ಟರಾಯಿತು.